ಎರಡು ಜನವರಿ, ಎರಡು ರಾಜೀನಾಮೆ ಪತ್ರ: ಋತುಮಾನದ ಖಿನ್ನತೆಯ ಒಂದು ಪ್ರಕರಣ

ಆ ದಂಪತಿ ಮೊದಲು ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಬಂದದ್ದು ಫೆಬ್ರವರಿಯ ಕೊನೆಯ ವಾರದಲ್ಲಿ. ಖಿನ್ನತೆ ಎಂಬ ಪದವನ್ನು ಇಬ್ಬರೂ ಎತ್ತಲಿಲ್ಲ. ಸಂಸಾರ ನೆಟ್ಟಗಿಲ್ಲ, ಮಾತುಕತೆ ನಿಂತೇ ಹೋಗಿದೆ ಎಂಬುದು ಅವರ ದೂರು. ಆಕೆಗೆ 36 ವರ್ಷ, ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಹಿರಿಯ ಹುದ್ದೆ. ಆತ ಮನೆಯಿಂದಲೇ ಕೆಲಸ ಮಾಡುವ ಅನುವಾದಕ. ಮದುವೆಯಾಗಿ ಏಳು ವರ್ಷ. ಅವರಿದ್ದದ್ದು ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆಗೆ ಕುಗ್ಗುವಷ್ಟು ಉತ್ತರಕ್ಕಿರುವ ನಗರದಲ್ಲಿ. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

"ರಾತ್ರಿ ಎಂಟಕ್ಕೇ ಮಲಗಿಬಿಡುತ್ತಾಳೆ. ನನ್ನ ಜೊತೆ ಕೂರಬೇಕಾಗುತ್ತದೆಂದೇ ಮಲಗುತ್ತಾಳೆ" ಎಂದರು ಆತ. "ಇವರಿಗೆ ನಾನು ಸಾಕಾಗಿದ್ದೇನೆ. ಬಾಯಿಬಿಟ್ಟು ಹೇಳುತ್ತಿಲ್ಲ, ಅಷ್ಟೇ" ಎಂದರು ಆಕೆ. ಗಂಡ ಕಳಿಸಿದ್ದ ಒಂದು ಮೊಬೈಲ್ ಸಂದೇಶವನ್ನು ನನಗೆ ತೋರಿಸಿದರು. ಬರುವುದು ತಡವಾಗುತ್ತದೆ ಎಂದು ಆಕೆ ಬರೆದದ್ದಕ್ಕೆ ಆತ "ಸರಿ" ಎಂದು ಉತ್ತರಿಸಿದ್ದರು. ಆ ಒಂದೇ ಪದವನ್ನು ಹಿಡಿದುಕೊಂಡು ಆಕೆ ಕಚೇರಿಯ ಶೌಚಾಲಯದಲ್ಲಿ ಇಪ್ಪತ್ತು ನಿಮಿಷ ಅತ್ತಿದ್ದರು.

ಇದೆಲ್ಲ ನನ್ನ ಕಿವಿಗೆ ದಾಂಪತ್ಯದ ಜಗಳವಾಗಿಯೇ ಕೇಳಿಸಿತು. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುವುದು, ದೂರನ್ನು ಕೋರಿಕೆಯಾಗಿ ಹೇಳುವುದು ಎಂದೆಲ್ಲ ಆರು ಭೇಟಿಗಳಲ್ಲಿ ಅಭ್ಯಾಸ ಮಾಡಿಸಿದೆ. ಏಪ್ರಿಲ್ ಹೊತ್ತಿಗೆ ಆಕೆ ನಗುತ್ತ ಒಳಗೆ ಬಂದರು. ಮೇ ತಿಂಗಳಲ್ಲಿ ಕಡತ ಮುಚ್ಚುವಾಗ ನಾನು ಬರೆದ ಕೊನೆಯ ಸಾಲು: "ಸಂವಹನ ಸುಧಾರಿಸಿದೆ, ಮುಂದಿನ ಭೇಟಿ ಅಗತ್ಯವಿಲ್ಲ." ಆ ಸಾಲನ್ನು ಇಂದಿಗೂ ಹಾಗೆಯೇ ಬಿಟ್ಟಿದ್ದೇನೆ, ತಪ್ಪು ನೆನಪಿರಲಿ ಎಂದು. ಹಗಲು ಉದ್ದವಾಗಿತ್ತು, ಆಕೆ ಚೇತರಿಸಿಕೊಂಡಿದ್ದರು. ಬಿಸಿಲು ಮಾಡಿದ ಕೆಲಸಕ್ಕೆ ನಾನು ನನ್ನ ಹೆಸರು ಬರೆದುಕೊಂಡಿದ್ದೆ.

ನವೆಂಬರ್ ಕೊನೆಯಲ್ಲಿ ಆತನ ಕರೆ ಬಂತು. "ಮತ್ತೆ ಶುರುವಾಗಿದೆ" ಎಂದರು. ಆ "ಮತ್ತೆ" ನನ್ನನ್ನು ಹಳೆಯ ಕಡತದತ್ತ ಎಳೆಯಿತು. ಹಿಂದಿನ ಸಲ ತೊಂದರೆ ಯಾವಾಗ ಶುರುವಾಯಿತು ಎಂದು ನಾನು ಆರು ಭೇಟಿಗಳಲ್ಲಿ ಒಮ್ಮೆಯೂ ತಿಂಗಳು ಹಿಡಿದು ಕೇಳಿರಲಿಲ್ಲ.

ದಿನಾಂಕಗಳು ಹೇಳಿದ್ದು

ಖಿನ್ನತೆಯಲ್ಲಿರುವವರನ್ನು "ಯಾವಾಗಿನಿಂದ ಹೀಗೆ?" ಎಂದು ಕೇಳಿದರೆ ಬಹುಪಾಲು ಸಿಗುವ ಉತ್ತರ "ಯಾವಾಗಲೂ ಹೀಗೆಯೇ." ಸುಳ್ಳು ಹೇಳುತ್ತಿರುವುದಿಲ್ಲ. ಮನಸ್ಸು ಮಂಕಾದಾಗ ನೆನಪೂ ಮಂಕಾಗುತ್ತದೆ, ಒಳ್ಳೆಯ ದಿನಗಳು ಕೈಗೆ ಸಿಗುವುದಿಲ್ಲ. ಆದ್ದರಿಂದ ಈ ಸಲ ನೆನಪನ್ನು ಬದಿಗಿಟ್ಟು ದಾಖಲೆಗಳನ್ನು ಹುಡುಕಿದೆವು.

ಮೊದಲು ಸಿಕ್ಕಿದ್ದು ಕಚೇರಿಯ ರಜೆಯ ಪಟ್ಟಿ. ಮೂರು ವರ್ಷಗಳಲ್ಲಿ ಅನಾರೋಗ್ಯದ ರಜೆ ಹಾಕಿದ್ದು 31 ದಿನ, ಅದರಲ್ಲಿ 27 ದಿನ ನವೆಂಬರ್ ಮತ್ತು ಫೆಬ್ರವರಿಯ ನಡುವೆ. ಆಮೇಲೆ ಆಕೆಯ ಮೊಬೈಲಿನ ಫೋಟೊಗಳು. ಜೂನ್, ಜುಲೈಗಳಲ್ಲಿ ತಿಂಗಳಿಗೆ ನೂರಕ್ಕೂ ಹೆಚ್ಚು: ಮೋಡ, ಬೀದಿನಾಯಿ, ಗಂಡನ ಬೆನ್ನು, ಕಿಟಕಿಯ ಮೇಲೆ ಕೂತ ಹಕ್ಕಿ. ಜನವರಿಯಲ್ಲಿ ಮೂರು, ಮೂರೂ ಕಚೇರಿಯ ಬಿಲ್ಲುಗಳದ್ದು. ಬೆರಳಿನಿಂದ ಪರದೆಯನ್ನು ಸರಿಸುತ್ತ ಸರಿಸುತ್ತ ಆಕೆ ಒಮ್ಮೆಲೇ ನಿಂತರು. "ನಾನು ಈ ತಿಂಗಳುಗಳಲ್ಲಿ ಏನನ್ನೂ ನೋಡಿಯೇ ಇಲ್ಲ" ಎಂದರು.

ಮೂರನೆಯದನ್ನು ಆಕೆಯೇ ಮುಂದಿನ ಭೇಟಿಗೆ ತಂದರು. ಇಮೇಲ್‌ನಲ್ಲಿ ಕಳಿಸದೆ ಉಳಿದಿದ್ದ ಎರಡು ರಾಜೀನಾಮೆ ಪತ್ರಗಳು. ಎರಡೂ ಜನವರಿಯಲ್ಲಿ ಬರೆದವು, ನಡುವೆ ಒಂದು ವರ್ಷ ಒಂಬತ್ತು ದಿನ. ಮೊದಲನೆಯದನ್ನು ಬರೆದದ್ದೇ ಆಕೆಗೆ ಮರೆತುಹೋಗಿತ್ತು. ಆದರೂ ಎರಡರಲ್ಲಿಯೂ ಒಂದೇ ವಾಕ್ಯ ಅಕ್ಷರಶಃ ಇತ್ತು: "ನನ್ನಿಂದ ತಂಡಕ್ಕೆ ಹೊರೆಯಾಗುತ್ತಿದೆ." ಅದೇ ವರ್ಷಗಳ ಜೂನ್‌ನಲ್ಲಿ ಆಕೆಯ ವಾರ್ಷಿಕ ಮೌಲ್ಯಮಾಪನ ಅತ್ಯುತ್ತಮವಾಗಿತ್ತು.

ಪ್ರತಿವರ್ಷ ಒಂದೇ ಕಾಲದಲ್ಲಿ ಬಂದು ಹೋಗುವ ಋತುಮಾನದ ಖಿನ್ನತೆಯ ಚರಿತ್ರೆಯೇ ಇಂಥ ಒಂದು ದಾಖಲೆಯಿಂದ ಶುರುವಾದದ್ದು. ಹರ್ಬ್ ಕರ್ನ್ ಎಂಬ ಅಮೆರಿಕದ ಎಂಜಿನಿಯರ್ ತಮ್ಮ ಮನಸ್ಸಿನ ಏರಿಳಿತಗಳನ್ನು ವರ್ಷಗಟ್ಟಲೆ ಟಿಪ್ಪಣಿ ಮಾಡಿಟ್ಟುಕೊಂಡು, ಇದಕ್ಕೂ ಹಗಲಿನ ಉದ್ದಕ್ಕೂ ನಂಟಿದೆ ಎಂದು ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರ ಬಳಿಗೆ ಹೋದರು. 1980ರಲ್ಲಿ ಆಲ್ಫ್ರೆಡ್ ಲೂಯಿ ಮತ್ತು ಸಂಗಡಿಗರು ಪ್ರಖರ ಬೆಳಕು ಮನುಷ್ಯರಲ್ಲಿ ಮೆಲಟೋನಿನ್ ಎಂಬ ರಾತ್ರಿಯ ಹಾರ್ಮೋನನ್ನು ತಗ್ಗಿಸುತ್ತದೆ ಎಂದು ತೋರಿಸಿದ್ದರು. ಮಾಮೂಲಿ ಕೋಣೆಯ ಬೆಳಕಿಗೆ ಆ ಶಕ್ತಿ ಇರಲಿಲ್ಲ, 2,500 ಲಕ್ಸ್‌ನ ಬೆಳಕು ಬೇಕಾಯಿತು (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ). 1984ರಲ್ಲಿ ನಾರ್ಮನ್ ರೊಸೆಂತಾಲ್ ಮತ್ತು ಸಹೋದ್ಯೋಗಿಗಳು 29 ರೋಗಿಗಳ ವಿವರಗಳೊಂದಿಗೆ ಈ ಕಾಯಿಲೆಗೆ ಹೆಸರು ಕೊಟ್ಟರು. ಒಬ್ಬ ರೋಗಿಯ ನೋಟುಪುಸ್ತಕವನ್ನು ಗಂಭೀರವಾಗಿ ಓದಿದ ವೈದ್ಯರಿದ್ದರು ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ನಾನು ಫೆಬ್ರವರಿಯಲ್ಲಿ ಮಾಡದೇ ಹೋದದ್ದು ಅದನ್ನೇ.

ಕೆಲಸದ ಹೊರೆಯೋ, ಕಾಯಿಲೆಯೋ

ದಿನಾಂಕ ಹೊಂದಿದ ಮಾತ್ರಕ್ಕೆ ರೋಗ ಖಚಿತವಾಗುವುದಿಲ್ಲ. ಇಂದು ಬಳಕೆಯಲ್ಲಿರುವ ಮಾನದಂಡಗಳಲ್ಲಿ ಇದು ಪ್ರತ್ಯೇಕ ರೋಗವಲ್ಲ, ಖಿನ್ನತೆಯ ಒಂದು ಮಾದರಿ. ಕನಿಷ್ಠ ಎರಡು ವರ್ಷ ಒಂದೇ ಋತುವಿನಲ್ಲಿ ಬಂದು ಹೋಗಿರಬೇಕು, ಆ ಎರಡು ವರ್ಷಗಳಲ್ಲಿ ಬೇರೆ ಋತುವಿನಲ್ಲಿ ಬಂದಿರಬಾರದು. ಇನ್ನೊಂದು ಷರತ್ತೂ ಇದೆ: ಪ್ರತಿವರ್ಷ ಅದೇ ಕಾಲಕ್ಕೆ ಬೀಳುವ ಬದುಕಿನ ಒತ್ತಡವೇ ಕಾರಣವಾಗಿದ್ದರೆ ಈ ಹೆಸರು ಸಲ್ಲದು. ಆಕೆಯ ವಿಭಾಗದಲ್ಲಿ ವರ್ಷದ ಲೆಕ್ಕ ಮುಗಿಸುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ಹಾಗಾದರೆ ಇದು ಬರೀ ಕೆಲಸದ ದಣಿವೇ?

ಆಕೆಯ ಮೇಲಧಿಕಾರಿ ಹಾಗೆಯೇ ನಂಬಿದ್ದರು, ಆಕೆಯೂ ನಂಬಿದ್ದರು. ಆದರೆ ತೊಂದರೆ ತಲೆ ಎತ್ತುತ್ತಿದ್ದದ್ದು ಅಕ್ಟೋಬರ್ ಕೊನೆಯಲ್ಲಿ, ಲೆಕ್ಕದ ಗಡಿಬಿಡಿಗೆ ಇನ್ನೂ ಐದಾರು ವಾರ ಇರುವಾಗಲೇ. ಒಂದು ವರ್ಷ ಆಕೆಯನ್ನು ತರಬೇತಿ ವಿಭಾಗಕ್ಕೆ ಹಾಕಿದ್ದರು, ಅಲ್ಲಿ ವರ್ಷಾಂತ್ಯದ ಕೆಲಸವೇ ಇರಲಿಲ್ಲ, ಆ ಚಳಿಗಾಲವೂ ಹೀಗೆಯೇ ಕಳೆಯಿತು. ಇನ್ನೊಂದು ಜನವರಿಯಲ್ಲಿ ಎರಡು ವಾರ ದಕ್ಷಿಣದ ಬಿಸಿಲಿನ ನಾಡಿಗೆ ಹೋಗಿದ್ದಾಗ ಐದನೆಯ ದಿನಕ್ಕೆ ಮೈ ಹಗುರಾಯಿತು, ಮರಳಿ ಬಂದ ವಾರದೊಳಗೆ ಮತ್ತೆ ಭಾರವಾಯಿತು. ಈ ಮೂರನ್ನೂ ಒಟ್ಟಿಗೆ ಇಟ್ಟ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ಆದರೂ ರೋಗವೆಂದು ಹೇಳುವುದು ನನ್ನ ಕೆಲಸವಲ್ಲ, ಮನೋವೈದ್ಯರ ಬಳಿಗೆ ಕಳಿಸಿದೆ. ಅವರು ಥೈರಾಯಿಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿದರು. ನಿದ್ದೆ ಬೇಡವಾಗಿ, ಉತ್ಸಾಹ ಮಿತಿಮೀರಿ ಹರಿದ ದಿನಗಳು ಎಂದಾದರೂ ಇದ್ದವೇ ಎಂದು ಬಿಡಿಸಿ ಕೇಳಿದರು. ಈ ಪ್ರಶ್ನೆ ತಪ್ಪಿಸುವಂತಿಲ್ಲ. ಖಿನ್ನತೆಯೂ ಮಿತಿಮೀರಿದ ಉತ್ಸಾಹವೂ ಸರದಿಯಂತೆ ಬರುವ ದ್ವಿಧ್ರುವ ಕಾಯಿಲೆ ಇದ್ದವರಿಗೆ ಬೆಳಕಿನ ಚಿಕಿತ್ಸೆಯಿಂದ ಉನ್ಮಾದ ಕೆರಳಬಹುದು.

ಲಕ್ಷಣಗಳು ಮಾದರಿಗೆ ಸರಿಯಾಗಿ ಹೊಂದುತ್ತಿದ್ದವು. ಸಾಮಾನ್ಯ ಖಿನ್ನತೆಯಲ್ಲಿ ನಿದ್ದೆ ಹೋಗುವುದು, ಹಸಿವು ಇಂಗುವುದು ಹೆಚ್ಚು. ಚಳಿಗಾಲದ ಈ ಖಿನ್ನತೆಯಲ್ಲಿ ಬಹುಪಾಲು ಅದು ತಿರುಗುಮುರುಗು: ಹತ್ತು ಗಂಟೆ ಮಲಗಿದರೂ ಸಾಲದು, ಸಿಹಿ ಮತ್ತು ಪಿಷ್ಟದ ಪದಾರ್ಥಗಳ ಕಡೆಗೇ ಕೈ ಹೋಗುತ್ತದೆ, ತೂಕ ಏರುತ್ತದೆ, ಕೈಕಾಲಿಗೆ ಸೀಸ ಕಟ್ಟಿದಂತೆ ಇರುತ್ತದೆ. ಹೊರಗಿನವರಿಗೆ ಇದು ರೋಗದಂತೆ ಕಾಣುವುದೇ ಇಲ್ಲ, ಸೋಮಾರಿತನದಂತೆ ಕಾಣುತ್ತದೆ. ಇವುಗಳ ಜೊತೆಗೆ ಇನ್ನೊಂದು ಲಕ್ಷಣ ಬರುವುದುಂಟು, ಅದು ಮನೆಗಳನ್ನು ಮುರಿಯಬಲ್ಲದು. ಯಾರೋ ನಮ್ಮನ್ನು ದೂರ ತಳ್ಳುತ್ತಿದ್ದಾರೆ ಎಂಬ ಅತಿಸೂಕ್ಷ್ಮತೆ ಅದು. "ಸರಿ" ಎಂಬ ಒಂದು ಪದಕ್ಕೆ ಇಪ್ಪತ್ತು ನಿಮಿಷದ ಅಳು ಬಂದದ್ದು ಅಲ್ಲಿಂದ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಮಾಪನದಲ್ಲಿ 27ಕ್ಕೆ 17 ಅಂಕ ಬಂತು, ಸಾಕಷ್ಟು ತೀವ್ರ ಎನ್ನುವ ಮಟ್ಟ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ನಾನು ಕಾಗದಕ್ಕೆ ಬಿಡುವುದಿಲ್ಲ, ಮುಖ ನೋಡಿ ಕೇಳುತ್ತೇನೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಯಬೇಕು ಅನ್ನಿಸಿಲ್ಲ. ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸಿದೆ" ಎಂದರು. ಪತಿಯ ತಲೆ ತಗ್ಗಿತು. ಆ ಯೋಚನೆ ಬಲವಾದರೆ ಯಾರಿಗೆ ಕರೆ ಮಾಡುವುದು, ರಾತ್ರಿಯಾದರೆ ಎಲ್ಲಿಗೆ ಹೋಗುವುದು ಎಂದು ಅಲ್ಲಿಯೇ ಕೂತು ಬರೆದೆವು. ಚಳಿಗಾಲ ಕಳೆದರೆ ತಾನಾಗಿ ಸರಿಹೋಗುತ್ತದೆ ಎಂದು ಇದನ್ನು ಹಗುರವಾಗಿ ನೋಡುವವರಿಗೆ ಆ ಮಾತು ಕೇಳಿಸಬೇಕಿತ್ತು.

ದೀಪ

ವೈದ್ಯರು ಎರಡು ದಾರಿ ಮುಂದಿಟ್ಟರು. ಕೆನಡಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 96 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 10,000 ಲಕ್ಸ್‌ನ ಬೆಳಕು, ಇನ್ನೊಂದಕ್ಕೆ ಫ್ಲೂವಾಕ್ಸೆಟಿನ್ ಎಂಬ ಖಿನ್ನತೆ ನಿವಾರಕ ಮಾತ್ರೆ ಕೊಟ್ಟಿದ್ದರು. ಎಂಟು ವಾರಗಳ ಕೊನೆಗೆ ಎರಡೂ ಗುಂಪುಗಳಲ್ಲಿ ಶೇ 67ರಷ್ಟು ಮಂದಿಗೆ ಗುಣ ಕಂಡಿತು. ಆಕೆ ಆ ಪ್ರಖರ ಬೆಳಕಿನ ದೀಪವನ್ನು ಆಯ್ದುಕೊಂಡರು, ಎರಡು ವಾರದಲ್ಲಿ ಫಲ ಕಾಣದಿದ್ದರೆ ಮಾತ್ರೆ ಎಂದು ಮಾತಾಯಿತು. ಕಣ್ಣಿನ ಪರೀಕ್ಷೆಯೂ ಆಯಿತು. ಅಕ್ಷಿಪಟಲದ (ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರ) ತೊಂದರೆ ಇರುವವರು, ಚರ್ಮ ಬೆಳಕಿಗೆ ಬೇಗ ಸುಡುವಂತೆ ಮಾಡುವ ಔಷಧಿ ತೆಗೆದುಕೊಳ್ಳುವವರು ಕೇಳದೆ ಇದನ್ನು ಹಚ್ಚಬಾರದು.

ಮನೆಯ ದೀಪವೇ ಸಾಲದೇ ಎಂದು ಪತಿ ಕೇಳಿದರು. ಸಾಲದು. ಕಚೇರಿಯ ಮೇಜಿನ ಮೇಲೆ ಬೀಳುವ ಬೆಳಕು 300ರಿಂದ 500 ಲಕ್ಸ್. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ, ನಡುಹಗಲ ಬಿಸಿಲಿನಲ್ಲಿ ಅದು ಒಂದು ಲಕ್ಷಕ್ಕೆ ಹತ್ತಿರ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ದೇಹದ ಗಡಿಯಾರಕ್ಕೆ ಗೊತ್ತಾಗುತ್ತದೆ. ಅಕ್ಷಿಪಟಲದಲ್ಲಿ ನೋಡುವುದಕ್ಕಿಂತ ಹೆಚ್ಚಾಗಿ ಬೆಳಕಿನ ಪ್ರಮಾಣವನ್ನು ಆ ಗಡಿಯಾರಕ್ಕೆ ತಿಳಿಸುವುದಕ್ಕೇ ಇರುವ ಜೀವಕೋಶಗಳು 2002ರಲ್ಲಿ ಬೆಳಕಿಗೆ ಬಂದವು. ಚಳಿಗಾಲದ ತಡವಾದ ಬೆಳಗು ಆ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಬೆಳಗಿನ ಪ್ರಖರ ಬೆಳಕು ಮತ್ತೆ ಮುಂದಕ್ಕೆ ತರುತ್ತದೆ ಎಂಬುದು ಈ ಚಿಕಿತ್ಸೆಯ ಹಿಂದಿರುವ ಮುಖ್ಯ ವಿವರಣೆಗಳಲ್ಲಿ ಒಂದು. ಆದ್ದರಿಂದಲೇ ಹೊತ್ತು ಮುಖ್ಯ: ಎದ್ದ ಒಂದು ಗಂಟೆಯೊಳಗೆ, ಅರ್ಧ ಗಂಟೆ, ಮುಖದಿಂದ ತಯಾರಕರು ಹೇಳಿದಷ್ಟೇ ದೂರದಲ್ಲಿ, ಸಾಮಾನ್ಯವಾಗಿ 40ರಿಂದ 60 ಸೆಂಟಿಮೀಟರ್. ದೀಪವನ್ನೇ ದಿಟ್ಟಿಸಬಾರದು, ಪಕ್ಕಕ್ಕಿಟ್ಟು ಓದಬಹುದು. ಒಂದು ಮೀಟರ್ ಆಚೆ ಇಟ್ಟರೆ ಕಣ್ಣಿಗೆ ತಲುಪುವ ಬೆಳಕು ಬಹಳ ಕುಸಿಯುತ್ತದೆ. ಆಕೆ ಮೊದಲ ವಾರ ಮಾಡಿದ ತಪ್ಪು ಅದೇ, ಕೋಣೆಯ ಮೂಲೆಯಲ್ಲಿ ದೀಪ ಉರಿಸಿ ಹಾಸಿಗೆಯಲ್ಲಿ ಮಲಗಿರುತ್ತಿದ್ದರು.

ಎರಡನೆಯ ವಾರ ಸರಿಯಾದ ದೂರದಲ್ಲಿ ಕೂತರು. ಮೊದಲೆರಡು ದಿನ ಸ್ವಲ್ಪ ತಲೆನೋವು ಬಂದು ಹೋಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಅಲಾರಂಗಿಂತ ಮೊದಲೇ ಎಚ್ಚರವಾಯಿತು. ಮೂರು ವಾರದ ಕೊನೆಗೆ ಅಂಕ 10ಕ್ಕೆ ಇಳಿಯಿತು.

ಆದರೆ ದೀಪ ಮನೆಗೆ ಬಂದಾಗ ಅದರ ಜೊತೆಗೆ ಒಂದು ಹೊಸ ಜಗಳವೂ ಬಂತು. "ಇವತ್ತು ದೀಪದ ಮುಂದೆ ಕೂತೆಯಾ?" ಎಂದು ಆತ ಪ್ರತಿದಿನ ಬೆಳಿಗ್ಗೆ ಕೇಳಲು ಶುರುಮಾಡಿದರು. ಕೇಳಿದ್ದು ಕಾಳಜಿಯಿಂದಲೇ. ಆಕೆಗೆ ಅದು ಹಾಜರಿ ಕೂಗಿದಂತೆ ಕೇಳಿಸಿತು. ಒಂದು ದಿನ ಕೂರದೆಯೇ "ಕೂತೆ" ಎಂದು ಸುಳ್ಳು ಹೇಳಿದರು, ದೀಪ ತಣ್ಣಗಿರುವುದನ್ನು ಆತ ಮುಟ್ಟಿ ನೋಡಿದ್ದರು. ನನ್ನ ಕೋಣೆಯಲ್ಲಿ ಅದನ್ನು ಹೇಳುವಾಗ ಇಬ್ಬರಿಗೂ ಕಣ್ಣೀರು. ಹೆಂಡತಿಯ ದೀಪವನ್ನು ಮುಟ್ಟಿ ನೋಡುವ ಸ್ಥಿತಿಗೆ ಬಂದೆನಲ್ಲ ಎಂದು ಆತನಿಗೆ, ಅಷ್ಟು ಚಿಕ್ಕ ವಿಷಯಕ್ಕೆ ಸುಳ್ಳು ಹೇಳಿದೆನಲ್ಲ ಎಂದು ಆಕೆಗೆ.

ಪರಿಹಾರ ತೀರಾ ಸಣ್ಣದು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಆಕೆಯೇ ಒಂದು ಗೀಟು ಹಾಕುವುದು, ಆತ ನೋಡಬಹುದು, ಕೇಳುವಂತಿಲ್ಲ. ಮೂರು ದಿನ ಸತತ ಗೀಟು ಇಲ್ಲದಿದ್ದರೆ ಮಾತ್ರ ಒಮ್ಮೆ ಕೇಳಬಹುದು, ಅದೂ ಸಂಜೆ. ಹತ್ತಿರದವರು ಕಾವಲುಗಾರರಾದರೆ ರೋಗಿ ಒಂಟಿಯಾಗುತ್ತಾರೆ. ಆತನಿಗೆ ನಾನು ಹೇಳಿದ್ದು ಇಷ್ಟು: ನೀವು ಆಕೆಯ ವೈದ್ಯರಲ್ಲ, ಆ ಕೆಲಸಕ್ಕೆ ಬೇರೆಯವರಿದ್ದಾರೆ. ಆಕೆಗೆ ಗಂಡ ಬೇಕು.

ಮನೆಯ ಒಪ್ಪಂದ

ಪ್ರತಿ ಸಂಜೆ ಆಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳುತ್ತಾರೆ. "ಇವತ್ತು ಮೂರು." ಅಷ್ಟೇ. ಆತ "ಯಾಕೆ?" ಎನ್ನುವುದಿಲ್ಲ. ಖಿನ್ನತೆಯಲ್ಲಿರುವವರಿಗೆ "ಯಾಕೆ" ಎಂಬ ಪ್ರಶ್ನೆಯಷ್ಟು ದಣಿವು ತರುವುದು ಬೇರೊಂದಿಲ್ಲ. ಉತ್ತರ ಅವರಿಗೂ ಗೊತ್ತಿರುವುದಿಲ್ಲ, ಸಿಗದ ಉತ್ತರಕ್ಕಾಗಿ ತಮ್ಮನ್ನೇ ಅಗೆಯಬೇಕಾಗುತ್ತದೆ. ಸಂಖ್ಯೆ ನಾಲ್ಕಕ್ಕಿಂತ ಕೆಳಗಿದ್ದರೆ ಅಂದಿನ ಯಾವ ಮಾತನ್ನೂ, ಯಾವ ಮೌನವನ್ನೂ ಇಬ್ಬರ ಸಂಬಂಧದ ತೀರ್ಪೆಂದು ತೆಗೆದುಕೊಳ್ಳಬಾರದು ಎಂದು ಒಪ್ಪಿಕೊಂಡರು. ಆತ "ಸರಿ" ಎಂದು ಮಾತ್ರ ಬರೆಯುವುದನ್ನು ಬಿಟ್ಟು "ಸರಿ, ನಿಧಾನವಾಗಿ ಬಾ" ಎಂದು ಬರೆಯತೊಡಗಿದರು. ಎರಡು ಪದಗಳ ಖರ್ಚು. ಆಕೆ ಬಂದ ಕೂಡಲೇ ಸಂಶಯದಿಂದ ಮುಖ ನೋಡುವುದು ಆ ಎರಡು ಪದಗಳಿಂದ ಕಡಿಮೆಯಾಯಿತು ಎಂದು ಆತ ಹೇಳಿದರು.

ನವೆಂಬರ್ 1ರಿಂದ ಮಾರ್ಚ್ 15ರವರೆಗೆ ಕೆಲಸ ಬಿಡುವ, ಬೇರೆಯಾಗುವ ತೀರ್ಮಾನಗಳಿಲ್ಲ ಎಂಬುದು ಇನ್ನೊಂದು ಕಲಮು. ಯೋಚನೆ ಬಂದರೆ ಬರೆದಿಡುವುದು, ಮಾರ್ಚ್ ಕೊನೆಯಲ್ಲಿ ತೆರೆದು ನೋಡುವುದು. ಆಗಲೂ ಅದೇ ಅನ್ನಿಸಿದರೆ ಮಾತನಾಡೋಣ ಎಂದೆ. ಆಕೆ ಮೊದಲು ಸಿಟ್ಟಾದರು, "ಚಳಿಗಾಲದ ನನಗೆ ಬುದ್ಧಿಯೇ ಇಲ್ಲವೇ?" ಎಂದರು. ನ್ಯಾಯವಾದ ಸಿಟ್ಟು. ಮನೆಯಲ್ಲಿ ಹಿಂಸೆಯಿದ್ದಿದ್ದರೆ, ಕಚೇರಿಯಲ್ಲಿ ಕಿರುಕುಳವಿದ್ದಿದ್ದರೆ ಕಾಯಿರಿ ಎಂದು ನಾನು ಖಂಡಿತ ಹೇಳುತ್ತಿರಲಿಲ್ಲ. ಇಲ್ಲಿ ನಮ್ಮ ಮುಂದಿದ್ದದ್ದು ಒಂದೇ ವಾಕ್ಯವನ್ನು ಎರಡು ಸಲ ಬರೆದ ಎರಡು ಪತ್ರಗಳು. ಅವುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಆಕೆ ಓದಿ, ಕಲಮಿಗೆ ಸಹಿ ಹಾಕಿದರು.

ಆತನಿಗೂ ಒಂದು ಸಂಜೆ ಮೀಸಲಾಯಿತು, ವಾರಕ್ಕೊಮ್ಮೆ ಗೆಳೆಯರೊಂದಿಗೆ. "ಅವಳನ್ನು ಹೀಗೆ ಬಿಟ್ಟು ನಾನು ಹೇಗೆ ನಗಲಿ?" ಎಂದು ಆತ ಒಪ್ಪಿರಲಿಲ್ಲ. ಒಪ್ಪಿಸಿದ್ದು ಆಕೆಯೇ: "ನೀವು ನಗದಿದ್ದರೆ ಅದೂ ನನ್ನ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ."

ಕಚೇರಿಯಲ್ಲಿ

ಕಚೇರಿಗೆ ಎಷ್ಟು ಹೇಳಬೇಕು ಎಂಬುದರ ಮೇಲೆ ಎರಡು ಭೇಟಿ ಖರ್ಚಾದವು. ಕಾಯಿಲೆಯ ಹೆಸರು ಹೇಳುವುದು ಆಕೆಯ ಹಕ್ಕು, ಕರ್ತವ್ಯವಲ್ಲ. ಕೊನೆಗೆ ಆಕೆ ಹೇಳಿದ್ದು ಹೀಗೆ: "ನವೆಂಬರ್‌ನಿಂದ ಫೆಬ್ರವರಿವರೆಗೆ ನನ್ನ ಆರೋಗ್ಯದ ಒಂದು ತೊಂದರೆ ಹೆಚ್ಚಾಗುತ್ತದೆ. ಚಿಕಿತ್ಸೆಯಲ್ಲಿದ್ದೇನೆ. ಬೆಳಗಿನ ಹೊತ್ತು ನನ್ನ ವೇಗ ಕಡಿಮೆ, ಮಧ್ಯಾಹ್ನ ಸರಿಯಾಗಿರುತ್ತದೆ. ನನಗೆ ಮೂರು ಬದಲಾವಣೆಗಳು ಬೇಕು."

ಕಿಟಕಿಯ ಪಕ್ಕದ ಮೇಜು, ಬೆಳಗಿನ ಒಂಬತ್ತರ ಸಭೆಯನ್ನು ಹನ್ನೊಂದಕ್ಕೆ ಸರಿಸುವುದು, ನಡುಹಗಲು ನಲವತ್ತು ನಿಮಿಷ ಹೊರಗೆ ನಡೆಯಲು ಬಿಡುವು. ಮೇಲಧಿಕಾರಿಯ ಮೊದಲ ಮಾತು "ಚಳಿಗಾಲ ಎಲ್ಲರಿಗೂ ಕಷ್ಟವೇ." ಇಂಥ ಮಾತು ಕೇಳಿದವರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ಚಳಿಗಾಲದಲ್ಲಿ ಸ್ವಲ್ಪ ಮಂಕಾಗುವವರು ಬಹಳ ಮಂದಿ, ನಿಜ. ಮಂಕಾಗುವುದಕ್ಕೂ, ಪರಿಚಿತ ಕೋಷ್ಟಕವನ್ನು ನಲವತ್ತು ನಿಮಿಷ ನೋಡುತ್ತ ಕೂತು ಒಂದು ಸಾಲನ್ನೂ ತುಂಬಲಾಗದಿರುವುದಕ್ಕೂ ಅಜಗಜಾಂತರ. ಆಕೆ ಈ ಉತ್ತರಕ್ಕೆ ಸಿದ್ಧರಾಗಿ ಹೋಗಿದ್ದರು. "ಹೌದು, ನನಗೆ ಅದು ವೈದ್ಯರ ಬಳಿ ಹೋಗುವಷ್ಟು ಆಗುತ್ತದೆ" ಎಂದು ರಜೆಯ ಪಟ್ಟಿಯನ್ನು ಮುಂದಿಟ್ಟರು. ಮೇಜು ಮತ್ತು ಬಿಡುವು ಸಿಕ್ಕಿದವು. ಸಭೆಯ ಸಮಯ ಆ ವರ್ಷ ಬದಲಾಗಲಿಲ್ಲ.

ಜನವರಿಯ ಜಾರುವಿಕೆ, ಮುಂದಿನ ಸೆಪ್ಟೆಂಬರ್

ಎಲ್ಲ ನೇರವಾಗಿ ಮೇಲಕ್ಕೆ ಹೋಗಲಿಲ್ಲ. ಜನವರಿಯಲ್ಲಿ ಹತ್ತು ದಿನ ಕೆಲಸದ ಪ್ರವಾಸ ಬಂತು, ಭಾರವೆಂದು ದೀಪ ಮನೆಯಲ್ಲೇ ಉಳಿಯಿತು. ಮರಳುವಾಗ ಅಂಕ 15. ಮೂರನೆಯ ರಾಜೀನಾಮೆ ಪತ್ರವೂ ಶುರುವಾಗಿತ್ತು, ಎರಡು ಸಾಲು ಬರೆದಾಗ ಅದೇ ವಾಕ್ಯ ಬೆರಳಿಗೆ ಬಂದದ್ದನ್ನು ಗುರುತಿಸಿ ನಿಲ್ಲಿಸಿದ್ದರು. ಆ ದಿನ ನನಗೆ ಕಳಿಸಿದ ಸಂದೇಶ: "ವಾಕ್ಯ ಬಂತು. ನಾನಲ್ಲ, ಅದು ಜನವರಿ."

ದೀಪ ಹಚ್ಚಿದಷ್ಟು ದಿನ ಮಾತ್ರ ದೀಪದ ಗುಣ. ಇದನ್ನು ಮನಸ್ಸಿನಲ್ಲಿಟ್ಟು ಮಾತಿನ ಚಿಕಿತ್ಸೆಯನ್ನೂ ಸೇರಿಸಿದೆವು. ಅಮೆರಿಕದ ಕೆಲ್ಲಿ ರೋಹನ್ ಮತ್ತು ತಂಡ 177 ಮಂದಿಯ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ದಾರಿ ತೋರಿತು. ಋತುಮಾನದ ಖಿನ್ನತೆಗೆಂದೇ ರೂಪಿಸಿದ ಅರಿವು ಮತ್ತು ವರ್ತನೆಯ ಚಿಕಿತ್ಸೆ ಪಡೆದವರಲ್ಲಿ ಎರಡು ಚಳಿಗಾಲಗಳ ನಂತರ ಶೇ 27.3ರಷ್ಟು ಮಂದಿಗೆ ಕಾಯಿಲೆ ಮರುಕಳಿಸಿತ್ತು, ಬೆಳಕಿನ ಚಿಕಿತ್ಸೆ ಪಡೆದವರಲ್ಲಿ ಶೇ 45.6. ಮೊದಲ ಚಳಿಗಾಲದಲ್ಲಿ ಎರಡೂ ಸಮ, ಅಂತರ ತೆರೆದುಕೊಂಡದ್ದು ಆಮೇಲೆ.

ಆ ಚಿಕಿತ್ಸೆಯ ತಿರುಳು ಆಕೆಯ ವಿಷಯದಲ್ಲಿ ಒಂದು ವಾಕ್ಯಕ್ಕೆ ಬಂದು ನಿಂತಿತು. ಆಗಸ್ಟ್‌ನಲ್ಲಿ ಮೊದಲ ಎಲೆ ಹಳದಿಯಾದುದನ್ನು ಕಂಡ ಕ್ಷಣ ಆಕೆಯ ಮನಸ್ಸು "ಮುಗಿಯಿತು" ಎನ್ನುತ್ತಿತ್ತು. ಎರಡು ತಿಂಗಳು ಮೊದಲೇ ಭಯ ಶುರುವಾಗಿ, ಆಹ್ವಾನಗಳನ್ನು ನಿರಾಕರಿಸಿ, ನಡಿಗೆ ಬಿಟ್ಟು, ಕತ್ತಲೆ ಬರುವ ಮುನ್ನವೇ ಆಕೆ ಅರ್ಧ ಕತ್ತಲೆಯಲ್ಲಿರುತ್ತಿದ್ದರು. "ಮುಗಿಯಿತು" ಎಂಬುದನ್ನು "ಚಳಿಗಾಲ ನನಗೆ ಹಿಡಿಸುವುದಿಲ್ಲ" ಎಂದು ಬದಲಿಸುವುದಕ್ಕೆ ಹನ್ನೆರಡು ಭೇಟಿ ಬೇಕಾದವು. ಮೊದಲನೆಯದು ತೀರ್ಪು, ಎರಡನೆಯದರಲ್ಲಿ ಇನ್ನೂ ಏನಾದರೂ ಮಾಡಲು ಜಾಗವಿದೆ.

ಯೋಜನೆಯನ್ನೆಲ್ಲ ಬೇಸಿಗೆಯಲ್ಲಿಯೇ ಮಾಡಿದೆವು. ಡಿಸೆಂಬರ್‌ನಲ್ಲಿ ಯಾರಿಗೂ ಪಟ್ಟಿ ಬರೆಯುವ ತ್ರಾಣ ಇರುವುದಿಲ್ಲ. ಜನವರಿಗೆಂದು ಎಂಟು ದಿನದ ರಜೆ ಉಳಿಸಿಕೊಂಡರು. ವಾರಕ್ಕೆರಡು ಸಂಜೆ ಹಾಡಿನ ತರಗತಿಗೆ ಹಣ ಮೊದಲೇ ಕಟ್ಟಿದರು. ಬೇಡವೆನ್ನಿಸಿದ ದಿನವೂ ಕಾಲು ಆ ಕಡೆಗೆ ಹೋಗಲಿ ಎಂದು ಹಾಗೆ ಮಾಡಿದ್ದು.

ಮರುವರ್ಷದ ಚಳಿಗಾಲದಲ್ಲಿ ಆಕೆಯ ಅತ್ಯಂತ ಕೆಟ್ಟ ಅಂಕ 11. ಅನಾರೋಗ್ಯದ ರಜೆ ಎರಡು ದಿನ. ಸಭೆ ಹನ್ನೊಂದಕ್ಕೆ ಸರಿಯಿತು, ಇನ್ನೂ ಇಬ್ಬರು ಸಹೋದ್ಯೋಗಿಗಳು ಅದನ್ನೇ ಕೇಳಿದ್ದರಂತೆ. ಡಿಸೆಂಬರ್‌ನಲ್ಲಿ ಮೂರು ವಾರ ಇಬ್ಬರ ನಡುವೆ ಮಾತು ಕಡಿಮೆಯಿತ್ತು, ಸಂಖ್ಯೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮಾರ್ಚ್ ಕೊನೆಯಲ್ಲಿ ಬರೆದಿಟ್ಟ ಯೋಚನೆಗಳ ಲಕೋಟೆಯನ್ನು ಇಬ್ಬರೂ ನನ್ನ ಮುಂದೆ ತೆರೆದರು. ಒಳಗೆ ನಾಲ್ಕು ಚೀಟಿಗಳಿದ್ದವು. ಮೂರನ್ನು ಆಕೆ ಹರಿದು ಹಾಕಿದರು. ನಾಲ್ಕನೆಯದನ್ನು ಎರಡು ಸಲ ಓದಿ ಚೀಲಕ್ಕೆ ಹಾಕಿಕೊಂಡರು. ಬೇರೆ ವಿಭಾಗಕ್ಕೆ ವರ್ಗ ಕೇಳುವ ಯೋಚನೆ ಅದು, ಬಿಸಿಲಿನಲ್ಲಿಯೂ ಆಕೆಗೆ ಸರಿಯೆನ್ನಿಸಿತ್ತು.

ದೀಪ ಈಗ ಅಲಮಾರಿಯಲ್ಲಿದೆ. ಸೆಪ್ಟೆಂಬರ್ 20ಕ್ಕೆ ಅದನ್ನು ಕೆಳಗಿಳಿಸಬೇಕೆಂದು ಇಬ್ಬರ ಮೊಬೈಲಿನಲ್ಲೂ ಗುರುತು ಹಾಕಲಾಗಿದೆ. ನನ್ನ ಕಡತದಲ್ಲಿ ಮುಂದಿನ ಭೇಟಿಯ ದಿನಾಂಕವೂ ಅದೇ ವಾರದ್ದು.